ಕರಗಿಸುವ ಮುಂಚೆ ಮುಚ್ಚಳ ತೆಗೆಸಿ ನೋಡಿ

ಲಷ್ಕರ್ ಮೊಹಲ್ಲಾ: ಮನೆಯಲ್ಲಿ ಮದುವೆಯೋ ಆಸ್ಪತ್ರೆ ಖರ್ಚೋ ಬಂತೆಂದರೆ ಬೀರುವಿನಲ್ಲಿರುವ ಅಜ್ಜನ 'ಚಿನ್ನದ ವಾಚು' ನೆನಪಾಗುತ್ತದೆ. ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ ಕರವಸ್ತ್ರದ ಗಂಟು ಬಿಚ್ಚಿ ಅಂಥ ವಾಚು ಮುಂದಿಡುವವರು ಈಗಲೂ ಇದ್ದಾರೆ. ಅದು ಚಿನ್ನವೇ, ಎಷ್ಟು ಚಿನ್ನ, ಕರಗಿಸಬೇಕೋ ಹಾಗೇ ಮಾರಬೇಕೋ ಎಂಬುದೆಲ್ಲ ಹತ್ತು ನಿಮಿಷದಲ್ಲಿ ಇತ್ಯರ್ಥ. ಮೋಸ ಹೋಗುವುದೂ ಆ ಹತ್ತು ನಿಮಿಷದಲ್ಲೇ.

ಮೊಹಲ್ಲಾದ ಹೆಂಗಸೊಬ್ಬರು ಅಲ್ಲಿಂದ ಸಪ್ಪೆ ಮುಖ ಮಾಡಿಕೊಂಡು ಸೀದಾ ವಾಚ್ ರಿಪೇರಿ ಗೂಡಂಗಡಿಗೆ ಬಂದರು.

"ಸಾಬ್ರೆ, ಇದು ನಮ್ಮ ಮಾವನೋರ್ದು. ಬರೀ ಪಾಲಿಶ್ ಅಂದ್ಬಿಟ್ರು ಅಂಗ್ಡೀಲಿ."

"ಮುಚ್ಚಳ ತೆಗ್ದು ನೋಡಿದ್ರಾ?"

"ಇಲ್ಲ, ಕೈಲಿ ಹಿಡ್ಕೊಂಡೇ ಹೇಳಿದ್ರು."

"ಹಂಗಾದ್ರೆ ಕೂತ್ಕೊಳಿ ಅಮ್ಮ."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂದಿನ ಮುಚ್ಚಳ ಬಿಚ್ಚಿದರೆ, ಒಳಮೈಯಲ್ಲಿ 0.750 ಎಂಬ ಅಂಕಿ, ಪಕ್ಕದಲ್ಲಿ ಸಾಸಿವೆಯಷ್ಟು ದೊಡ್ಡ ಹೆಣ್ಣಿನ ತಲೆ! 1995ಕ್ಕೆ ಮುಂಚೆ ಸ್ವಿಜರ್ಲೆಂಡಿನಲ್ಲಿ 18 ಕ್ಯಾರೆಟ್ ಕೇಸಿಗೆ ಒತ್ತುತ್ತಿದ್ದ ಸರ್ಕಾರಿ ಮುದ್ರೆ ಅದು. 14 ಕ್ಯಾರೆಟ್ಟಾದರೆ ಅಳಿಲು, 0.585. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ವಾಚು ಮಾಡತೊಡಗುವ ತನಕ ನಮ್ಮವರ ಕೈಯಲ್ಲಿದ್ದದ್ದು ಹೆಚ್ಚಾಗಿ ಸ್ವಿಸ್ ಮಾಲೇ. ಆದ್ದರಿಂದ ಈ ಅಳಿಲು, ಈ ತಲೆ ಗೊತ್ತಿರುವುದು ಒಳ್ಳೆಯದು. 2021ರ ಜೂನ್‌ನಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಯಿತಾದರೂ ವಾಚಿಗೆ ವಿನಾಯಿತಿ ಉಂಟು. ಬಿಐಎಸ್ ಗುರುತಿಲ್ಲವೆಂದು ನಕಲಿ ಎನ್ನುವಂತಿಲ್ಲ.

ಹಾಗಂತ ಹೊಳೆಯುವುದೆಲ್ಲ ಬಂಗಾರವೂ ಅಲ್ಲ. 'ರೋಲ್ಡ್ ಗೋಲ್ಡ್', 'ಗೋಲ್ಡ್ ಫಿಲ್ಡ್' ಎಂದಿದ್ದರೆ ಹಿತ್ತಾಳೆಯಂಥ ಲೋಹದ ಮೇಲೆ ಚಿನ್ನದ ಹೊದಿಕೆ. '20 ಮೈಕ್ರಾನ್' ಎಂದರೆ ಮಿಲಿಮೀಟರಿನ ಐವತ್ತನೇ ಒಂದು ಪಾಲು ದಪ್ಪ, ಅಷ್ಟೆ. ಬೆಲ್ಟು ಸಿಕ್ಕಿಸುವ ಕಿವಿಗಳ ಅಂಚಿನಲ್ಲಿ ಬಿಳಿಯೋ ಕೆಂಪೋ ಇಣುಕಿದರೆ ಗುಟ್ಟು ರಟ್ಟು. ಅಂಗಡಿಯ ಎಕ್ಸ್‌ರೇ ಯಂತ್ರ ನೋಡುವುದು ಮೇಲ್ಪದರವನ್ನು. ಹೊದಿಕೆ ದಪ್ಪಗಿದ್ದರೆ ಅದಕ್ಕೂ ಟೋಪಿ ಬೀಳಬಹುದು.

ಲೆಕ್ಕ ಕಷ್ಟದ್ದೇನಲ್ಲ. ಮಿಷಿನ್ನು, ಗಾಜು, ಬೆಲ್ಟು ತೆಗೆದು ಬರೀ ಕೇಸು ತೂಗಬೇಕು. 8 ಗ್ರಾಂ ಬಂತೆನ್ನಿ, 18 ಕ್ಯಾರೆಟ್ಟಿಗೆ ಮುಕ್ಕಾಲು ಪಾಲು, ಅಂದರೆ 6 ಗ್ರಾಂ ಅಪರಂಜಿ. ಇದು ತಳದ ಬೆಲೆ. ಒಳ್ಳೆ ಹೆಸರಿನ ವಾಚು, ಹುಟ್ಟಿದಾಗಿನ ಡಯಲ್ಲು, ಮುಳ್ಳು ಹಾಗೇ ಇದ್ದರೆ ಸಂಗ್ರಹ ಮಾಡುವವರು ಇದಕ್ಕಿಂತ ಹೆಚ್ಚು ಕೊಟ್ಟಾರು. ಒಡೆದು ಕರಗಿಸಿದ ಮೇಲೆ ಆ ಹೆಚ್ಚುವರಿ ದುಡ್ಡಿಗೆ ಎಳ್ಳುನೀರು. ತಾನು ಮಾಡಿದ ವಾಚುಗಳ ನಂಬರನ್ನು ಲಾಂಜಿನ್ಸ್‌ನಂಥ ಕಂಪೆನಿ ಹಳೇ ಲೆಡ್ಜರುಗಳಲ್ಲಿ ಬರೆದಿಟ್ಟಿದೆ, ಕೇಳಿದರೆ ಹುಡುಕಿ ಹೇಳುತ್ತದೆ. ಹೊಳಪು ಬರಲೆಂದು ತಿಕ್ಕಿಸುವವರು ಮಾತ್ರ ಮುದ್ರೆಯನ್ನೂ ಬೆಲೆಯನ್ನೂ ಒಟ್ಟಿಗೆ ಸವೆಸುತ್ತಾರೆ.

ಈ ವಾಚಿನದ್ದು ಅರ್ಧ ಸಿಹಿ, ಅರ್ಧ ಕಹಿ. ಡಯಲ್ಲಿನ ಮೇಲೆ ದೊಡ್ಡ ಕಂಪೆನಿಯ ಹೆಸರು, ಒಳಗಿನ ಮಿಷಿನ್ನಿನ ಮೇಲೆ ಯಾರೂ ಕೇಳದ ಇನ್ನೊಂದು ಹೆಸರು. ಮಾಸಿದ ಡಯಲ್ಲಿಗೆ ಬಣ್ಣ ಬಳಿದು ದೊಡ್ಡವರ ಹೆಸರು ಅಚ್ಚು ಹಾಕುವುದು ಹಳೇ ಕಸುಬು.

"ಹೆಸ್ರು ಸುಳ್ಳು, ಚಿನ್ನ ನಿಜ ಅಮ್ಮ. ಬೇರೆ ಎರಡು ಕಡೆ ತೂಗ್ಸಿ. ಕೇಸು ಕಣ್ಮುಂದೇನೇ ತೂಗ್ಬೇಕು ಅನ್ನಿ."

ಮುಚ್ಚಳ ಹಾಕುವ ಮುಂಚೆ ಸಾಬ್ರು ಇನ್ನೊಂದು ತೋರಿಸಿದರು. ಮುದ್ರೆಯ ಕೆಳಗೆ ಸೂಜಿಯಲ್ಲಿ ಗೀರಿದ ಸಣ್ಣ ಅಂಕಿಗಳು, ಒಂದರ ಕೆಳಗೊಂದು, ನಾಲ್ಕು ಸಾಲು. ಎಣ್ಣೆ ಹಾಕಿಸಿದಾಗಲೆಲ್ಲ ರಿಪೇರಿಯವರು ಬರೆದಿಟ್ಟ ತಾರೀಖು. ಕೊನೇ ಸಾಲು ಆಕೆಯ ಮದುವೆಯ ವರ್ಷದ್ದು.

"ಇವತ್ತು ಬೇಡ ಬಿಡಿ ಸಾಬ್ರೆ, ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಆಕೆ ಕರವಸ್ತ್ರ ಗಂಟು ಹಾಕಿದರು.