ಕಾಲುವೆಯ ಕೊನೆಯ ಹೊಲ

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಹೆಸರು ಕೇಳಿದೊಡನೆ ಈ ಭಾಗದ ರೈತನಿಗೆ ನೆನಪಾಗುವುದು ಕಾಲುವೆಯ ನೀರು. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿ ಇರುವ ಊರದು. ಮಳೆಯನ್ನೇ ನಂಬಿ ಜೋಳ, ತೊಗರಿ ಬಿತ್ತುತ್ತಿದ್ದ ಈ ಸೀಮೆ ನೀರಿಗಾಗಿ ಕಾದದ್ದು ಅಲ್ಪಕಾಲವಲ್ಲ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇರಿಸಿದ್ದು 1964ರಲ್ಲಿ. ನಾರಾಯಣಪುರದ ಬಸವಸಾಗರ ಸಿದ್ಧವಾದದ್ದು 1982ರಲ್ಲಿ. ಆಲಮಟ್ಟಿ ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ಅಡಿಗಲ್ಲಿನಿಂದ ಅರ್ಪಣೆಯವರೆಗೆ 42 ವರ್ಷಗಳು! ಕಾದವರಲ್ಲಿ ಎಷ್ಟೋ ಮಂದಿ ನೀರನ್ನು ಕಾಣದೆಯೇ ಕಣ್ಮುಚ್ಚಿದರು.

ಪವಿತ್ರ ಬೈಬಲಿನ ಅಬ್ರಹಾಮನೂ ಹೀಗೆಯೇ ಕಾದವನು. ದೇವರ ಮಾತನ್ನು ನಂಬಿ ಹಾರಾನನ್ನು ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ಇಸಾಕನು ಹುಟ್ಟಿದಾಗ 100 ವರ್ಷ. ನಡುವಿನ 25 ವರ್ಷಗಳಲ್ಲಿ ಅವನು ಪ್ರಶ್ನಿಸಿದ, ಸಂದೇಹಪಟ್ಟ, ಅಡ್ಡದಾರಿಯನ್ನೂ ಹಿಡಿದ. ಆದರೂ ದೇವರು ತಮ್ಮ ಮಾತನ್ನು ಮರೆಯಲಿಲ್ಲ.

ಕಾಯುವುದು ಕಷ್ಟ, ನಿಜ. ಆದರೆ ದೊರೆತದ್ದನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟ. ನೀರು ಬಂದ ಮೇಲೆ ಹುಟ್ಟಿದ ಮಗುವಿಗೆ ಕಾಲುವೆಯೆಂಬುದು ಎಂದಿನಿಂದಲೂ ಇದ್ದ ವಸ್ತು. ಇದನ್ನು ಬಲ್ಲ ದೇವರು, ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ಅದರ ಒಡಲಿನಿಂದ ಹನ್ನೆರಡು ಕಲ್ಲುಗಳನ್ನು ತಂದು ನಿಲ್ಲಿಸುವಂತೆ ಯೆಹೋಶುವನಿಗೆ ಆಜ್ಞಾಪಿಸಿದರು. ಮುಂದೆ ಮಕ್ಕಳು ಈ ಕಲ್ಲುಗಳ ಅರ್ಥವೇನೆಂದು ಕೇಳಬೇಕು, ಹಿರಿಯರು ಹೇಳಬೇಕು. ನಮ್ಮ ಮನೆಗಳಲ್ಲಿ ಅಂಥ ಕಲ್ಲುಗಳು ಉಳಿದಿವೆಯೇ?

ಮನುಷ್ಯರ ಯೋಜನೆಯನ್ನು ದೇವರ ವಾಗ್ದಾನಕ್ಕೆ ಸರಿಸಮ ಮಾಡುವುದು ಸಲ್ಲದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗವೂ ಅನೇಕ ಗ್ರಾಮಗಳೂ ಮುಳುಗಿದವು. ಒಬ್ಬರ ಹಸಿರಿಗೆ ಇನ್ನೊಬ್ಬರು ಮನೆಮಠವನ್ನೇ ತೆತ್ತರು. ಹಾಗೆಂದೇ ಕಾಲುವೆ ನಮಗೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಮೊದಲ ಹೊಲದವನು ಹೆಚ್ಚು ನೀರು ಬೇಡುವ ಭತ್ತವನ್ನೇ ಬೆಳೆದು ತೂಬನ್ನು ತೆರೆದೇ ಇಟ್ಟರೆ, ಕೊನೆಯ ಹೊಲದವನಿಗೆ ಒಣಗಿದ ಕಾಲುವೆಯೇ ಗತಿ. ಮೊದಲನೆಯವನು ದೇವರು ನಂಬಿಗಸ್ತರೆಂದು ಕೊಂಡಾಡುತ್ತಾನೆ. ಕೊನೆಯವನು ಏನೆನ್ನಬೇಕು?

ದೇವರು ಅಬ್ರಹಾಮನನ್ನು ಆಶೀರ್ವದಿಸಿದ್ದು ಅವನೊಬ್ಬನಿಗಾಗಿ ಅಲ್ಲ. ಅವನ ಮೂಲಕ ಜಗದ ಎಲ್ಲ ಕುಲಗಳಿಗೂ ಆಶೀರ್ವಾದ ಹರಿಯಲೆಂದು. ಈಡೇರಿದ ವಾಗ್ದಾನ ನಮ್ಮ ಹೊಲದಲ್ಲೇ ನಿಂತರೆ ಅದು ಕೊಳೆತು ನೆಲವನ್ನು ಸವುಳು ಮಾಡುತ್ತದೆ. ಮುಂದೆ ಹರಿದರೆ ಮಾತ್ರ ಬೆಳೆ. ನಮ್ಮ ಧರ್ಮಸಭೆಗೂ ಈ ಮಾತು ಅನ್ವಯಿಸುತ್ತದೆ. 2005ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಗುಲ್ಬರ್ಗ ಧರ್ಮಕ್ಷೇತ್ರವನ್ನು ಸ್ಥಾಪಿಸಿದಾಗ ನಾವು ದೇವರಿಗೆ ಸ್ತೋತ್ರ ಸಲ್ಲಿಸಿದೆವು. ಆ ವರದಾನ ನೆರೆಯ ಬಡವನ ಬಾಗಿಲನ್ನು ತಲಪಿದಾಗಲೇ ಆ ಸ್ತೋತ್ರ ಪೂರ್ಣವಾದೀತು.

ಪ್ರಿಯ ವಾಚಕರೇ, ಈ ವಾರ ಎರಡು ಕೆಲಸ ಮಾಡೋಣ. ಮನೆಮಂದಿಯೆಲ್ಲ ಪ್ರಾರ್ಥನೆಗೆ ಕುಳಿತಾಗ, ಕಾದು ಪಡೆದ ಒಂದು ವರವನ್ನು ಮಕ್ಕಳಿಗೆ ಹೇಳೋಣ. ಬಳಿಕ ನಮ್ಮ ಕಾಲುವೆಯ ಕೊನೆಯ ಹೊಲ ಯಾರದೆಂದು ವಿಚಾರಿಸೋಣ. ದೇವರು ಮಾತಿಗೆ ತಪ್ಪುವವರಲ್ಲ ಎಂಬುದಕ್ಕೆ ಆ ಸಹೋದರನಿಗೆ ಬೇಕಾದ ಸಾಕ್ಷಿ, ಬಹುಶಃ, ನಮ್ಮ ಕೈಯಲ್ಲಿರುವ ತೂಬು.