ಒಂದು ಸೀಟಿಗೆ 129 ವರ್ಷದ ಕೂಲಿ

ಗದಗದ ಪಕ್ಕದ ಕಳಸಾಪುರದಲ್ಲಿ ಖಾತ್ರಿ ಕೆಲಸಕ್ಕೆ ಹೋಗುವ ಒಂದು ಮನೆಯನ್ನು ಲೆಕ್ಕಕ್ಕೆ ಹಿಡಿಯೋಣ. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ನೂರು ದಿನವೂ ತಪ್ಪದೆ ಬದು ಹಾಕಿ, ಹೊಂಡ ತೋಡಿದರೆ ವರ್ಷಕ್ಕೆ 34,900. ಅದೇ ವರ್ಷ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಖಾಸಗಿ ಕೋಟಾದ ಎಂಬಿಬಿಎಸ್ ಸೀಟಿನ ವಾರ್ಷಿಕ ಶುಲ್ಕ 10 ಲಕ್ಷ ದಾಟಿತ್ತು.

ಹತ್ತೇ ಲಕ್ಷ ಎಂದುಕೊಂಡರೂ ನಾಲ್ಕೂವರೆ ವರ್ಷಕ್ಕೆ 45 ಲಕ್ಷ. ಅಂದರೆ 12,894 ದಿನಗಳ ಕೂಲಿ. ವರ್ಷಕ್ಕೆ ನೂರು ದಿನದಂತೆ 129 ವರ್ಷ! ಕವಿ ಬೇಂದ್ರೆಯವರು ಹುಟ್ಟಿದ್ದು 1896ರಲ್ಲಿ. ಅದರ ಹಿಂದಿನ ವರ್ಷ ಸಲಿಕೆ ಹಿಡಿದವರು 2024-25ರ ದರದಲ್ಲೇ ಕೂಲಿ ಪಡೆದು, ಒಂದು ರೊಟ್ಟಿಗೂ ಖರ್ಚು ಮಾಡದೆ ಕೂಡಿಟ್ಟಿದ್ದರೆ ಮರಿಮಕ್ಕಳ ಕಾಲಕ್ಕೆ ಒಂದು ಸೀಟಿನ ದುಡ್ಡು ಆಗುತ್ತಿತ್ತು. ಹಾಸ್ಟೆಲು, ಪುಸ್ತಕದ ಖರ್ಚು ಬೇರೆ.

ಗದಗದಲ್ಲೇ 2015ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಸೀಟು 150. 2024-25ರಲ್ಲಿ ಸರ್ಕಾರಿ ಸೀಟಿನ ಶುಲ್ಕ ವರ್ಷಕ್ಕೆ ಸುಮಾರು 60 ಸಾವಿರ ಇತ್ತು. ಅಂಥ 150 ಸೀಟುಗಳ ಪೂರ್ತಿ ಶುಲ್ಕವನ್ನು ಕೂಡಿಸಿದರೆ ಬರುವ ಮೊತ್ತವನ್ನು ಖಾಸಗಿ ಕೋಟಾದ ಒಂಬತ್ತೇ ವಿದ್ಯಾರ್ಥಿಗಳು ಕಟ್ಟುತ್ತಿದ್ದರು. ಆ 60 ಸಾವಿರಕ್ಕೂ 172 ದಿನದ ಕೂಲಿ ಬೇಕಿತ್ತು ಎಂಬುದನ್ನು ಮರೆಯಬಾರದು. ಶುಲ್ಕ ವಿನಾಯಿತಿ ಸಿಗದ ಬಡವರಿಗೆ ಅದೂ ಎಟುಕುವುದಿಲ್ಲ.

ಪ್ರವೇಶ ಪರೀಕ್ಷೆ ಎಲ್ಲರಿಗೂ ಒಂದೇ ಅಲ್ಲವೇ ಎನ್ನುವವರಿದ್ದಾರೆ. 2024ರ ನೀಟ್‌ನಲ್ಲಿ ಅರ್ಹರಾದವರು ಸುಮಾರು 13 ಲಕ್ಷ. ಆಗ ದೇಶದ ಎಂಬಿಬಿಎಸ್ ಸೀಟುಗಳು ಲಕ್ಷಕ್ಕೆ ತುಸು ಹೆಚ್ಚಿದ್ದವು, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಖಾಸಗಿಯವು. ಸಾಮಾನ್ಯ ವರ್ಗದಲ್ಲಿ ಅರ್ಹತೆಗೆ 720ಕ್ಕೆ 162 ಅಂಕ ಸಾಕಾಗಿತ್ತು. ಹಾಗಾಗಿ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿದ ಬಡ ಹುಡುಗಿ ಹಿಂದೆ ಸರಿಯುತ್ತಾಳೆ. ಅವಳಿಗಿಂತ ಲಕ್ಷಾಂತರ ರ್‍ಯಾಂಕ್ ಹಿಂದಿರುವವನು ದುಡ್ಡಿದ್ದರೆ ಡಾಕ್ಟರಾಗುತ್ತಾನೆ. ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದೇ.

ನಾವು ಕಾನೂನು ಮಾಡಲಿಲ್ಲವೆಂದಲ್ಲ. ಸೀಟಿಗಾಗಿ ಹೆಚ್ಚುವರಿ ಹಣ ವಸೂಲಿ ಮಾಡುವ ಕ್ಯಾಪಿಟೇಷನ್ ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ತಂದಿತು. ಆದರೆ 1989ರ ಸರ್ಕಾರಿ ಅಧಿಸೂಚನೆಯೇ ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ದರ ಕಟ್ಟಿತು. ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿದ ಮೀರತ್‌ನ ಮೋಹಿನಿ ಜೈನ್ ಅದನ್ನು ಪ್ರಶ್ನಿಸಿದರು. ಅದು ಕ್ಯಾಪಿಟೇಷನ್ನೇ ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಬಳಿಕ ಅದೇ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು ಲಾಭಕೋರತನ ಕೂಡದೆಂದರೂ ನ್ಯಾಯವಾದ ಮಿಗುತಾಯಕ್ಕೆ ಒಪ್ಪಿಗೆ ಕೊಟ್ಟಿತು. 2005ರ ಇನಾಮದಾರ್ ತೀರ್ಪು ಶೇ 15ರವರೆಗೆ ಎನ್‌ಆರ್‌ಐ ಕೋಟಾಕ್ಕೂ ದಾರಿ ಬಿಟ್ಟಿತು.

ಕಾನೂನು, ತೀರ್ಪುಗಳಷ್ಟೇ ಸಾಲಲಿಲ್ಲ. ಹಾಗಾಗಿ ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಮತದಾರರೇ, ಚುನಾವಣೆಗೆ ಬರುವ ಪ್ರತಿಯೊಬ್ಬರನ್ನೂ ಕೇಳಿ: ಸರ್ಕಾರಿ ಸೀಟು ಎಷ್ಟು ಹೆಚ್ಚಿಸುತ್ತೀರಿ, ಅದರ ಶುಲ್ಕ ಎಷ್ಟು ಇಳಿಸುತ್ತೀರಿ?