ಮೊಗ್ಗಲ್ಲಿ ನೀರು, ತುದಿಯಲ್ಲಿ ಬೆಂಕಿ! ಇದ್ಯಾವ ಮರ, ಹೇಳಿ ಕಾಂಬ?

ಹ್ವಾಯ್, ಇಲ್ಕಾಣಿ! ಒಂದು ನಿಮಿಷ ಬೈಕ್ ನಿಲ್ಲಿಸಿ. ತಲೆ ಎತ್ತಿ!

ಬೈಂದೂರಿನಿಂದ ಕೊಲ್ಲೂರಿಗೆ ಹೋಗುವ ದಾರಿ. ಒಂದು ಮನೆಯ ಕಂಪೌಂಡು. ಅದರೊಳಗೆ ಎರಡು ಮಾಳಿಗೆಯನ್ನೂ ಮೀರಿದ ಮರ. ಅದರ ತುದಿಗೆ ಬೆಂಕಿ ಬಿದ್ದಿದೆ!

ಬೆಂಕಿಯಲ್ಲ. ಹೂವು. ಒಂದೊಂದೂ ಅಂಗೈಯಷ್ಟು ದೊಡ್ಡದು. ಕೆಂಪು ಅನ್ನಬೇಕೋ ಕೇಸರಿ ಅನ್ನಬೇಕೋ ಗೊತ್ತಾಗದ ಬಣ್ಣ. ಅಂಚಿಗೆ ಹಳದಿ ಜರಿ. ನೆರಿಗೆ ಹಿಡಿದು ಹೊಲಿದ ಹಾಗಿದೆ!

ಯಾವ ಮರ ಇದು? ಊಹಿಸಿ.

ಮುತ್ತುಗವಾ? ಅಲ್ಲ. ಮುತ್ತುಗ ಎಲೆ ಉದುರಿಸಿಕೊಂಡು ಹೂ ಬಿಡುತ್ತದೆ. ಇಲ್ಲಿ ಮೈತುಂಬ ಹಸಿರೆಲೆ. ಹಾಲಿವಾಣವಾ? ಅದೂ ಅಲ್ಲ. ಹಾಲಿವಾಣಕ್ಕೆ ಮುಳ್ಳು, ಇದಕ್ಕೆ ಒಂದೂ ಇಲ್ಲ. ಗುಲ್‌ಮೊಹರ್? ಹತ್ತಿರ ಬಂದಿರಿ, ಆದರೆ ತಪ್ಪು! ಗುಲ್‌ಮೊಹರ್ ಹೂವಿನ ಎಸಳು ಬಿಡಿಬಿಡಿ. ಇದು ಇಡೀ ಒಂದು ಬಟ್ಟಲು!

ಇನ್ನೊಂದು ಸುಳಿವು ಕೊಡುತ್ತೇನೆ. ಕೆಳಗೆ ಬಿದ್ದ ಒಂದು ಮೊಗ್ಗು ಎತ್ತಿಕೊಳ್ಳಿ. ಹುಲಿಯ ಉಗುರಿನ ಹಾಗೆ ಬಾಗಿದೆ ಅಲ್ಲವಾ? ಮೇಲೆ ಕಂದುಹಸಿರು ರೋಮ, ಮುಟ್ಟಿದರೆ ಮಖಮಲ್ಲು. ತುದಿಯನ್ನು ಉಗುರಿನಿಂದ ಚಿವುಟಿ. ಈಗ ಹೊಟ್ಟೆ ಒತ್ತಿ.

ಚಿರ್ರ್!

ನೀರು! ಮೊಗ್ಗಿನೊಳಗೆ ನೀರು! ನನ್ನ ಅಂಗಿಯ ಮೇಲೆ ಮೊದಲು ಚಿಮ್ಮಿಸಿದವನು ಪಕ್ಕದ ಮನೆಯ ಹುಡುಗ. ವಯಸ್ಸು ಎಂಟು. ಪಿಚಕಾರಿಗೆ ಕಾಸು ಕೊಡಬೇಕಿಲ್ಲ ಅಂತ ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಆ ನೀರಿನ ವಾಸನೆ ಮಾತ್ರ ಕೇಳಬೇಡಿ. ಬಟ್ಟೆಗೆ ತಾಗಿದರೆ ಹಳದಿ ಕಲೆ!

ಈಗ ಗೊತ್ತಾಯಿತಾ? ಬೆಂಗಳೂರಿನಲ್ಲಿ ಬೆಳೆದವರು ಆಗಲೇ ಮುಸಿಮುಸಿ ನಗುತ್ತಿದ್ದಾರೆ. ಹೌದು! ಅಲ್ಲಿನ ಮಕ್ಕಳ ಬಾಯಲ್ಲಿ ಇದು ಉಚ್ಚೆಕಾಯಿ ಮರ! ಮರ್ಯಾದೆಯಾಗಿ ಹೇಳುವವರಿಗೆ ನೀರುಕಾಯಿ ಮರ. ಪುಸ್ತಕದಲ್ಲಿ ಸ್ಪ್ಯಾಥೋಡಿಯ ಕ್ಯಾಂಪನುಲೇಟ. ನರ್ಸರಿಯಲ್ಲಿ ಆಫ್ರಿಕನ್ ಟುಲಿಪ್. ತವರು ಆಫ್ರಿಕಾದ ಉಷ್ಣವಲಯ. ಅಲ್ಲಿಂದ ಬೈಂದೂರಿಗೆ ಸಮುದ್ರವೇ ಅಡ್ಡ. ಆದರೂ ನೋಡಿ, ಊರಲ್ಲೇ ಹುಟ್ಟಿದವರ ಹಾಗೆ ನಿಂತಿದೆ!

ಆದರೆ ಮೊಗ್ಗಿನೊಳಗೆ ನೀರೇಕೆ? ಮಳೆನೀರು ಒಳಹೋಯಿತಾ? ಅಲ್ಲವೇ ಅಲ್ಲ! ಮೊಗ್ಗು ಎಲ್ಲ ಕಡೆಯಿಂದ ಮುಚ್ಚಿದೆ, ಒಂದು ಸೂಜಿಯಷ್ಟೂ ಸಂದಿಲ್ಲ. ಆ ನೀರನ್ನು ಮರವೇ ತಯಾರಿಸುತ್ತದೆ! ಹೊರಕವಚದ ಒಳಮೈಯಲ್ಲಿ ಸಣ್ಣ ಸಣ್ಣ ಗ್ರಂಥಿಗಳಿವೆ. ಅವು ಒಸರುತ್ತಲೇ ಇರುತ್ತವೆ. ಎಳೆಯ ಎಸಳುಗಳು ಆ ನೀರಿನಲ್ಲಿ ಮುಳುಗಿಕೊಂಡೇ ಬೆಳೆಯುತ್ತವೆ. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವ ಹಾಗೆ!

ಈ ಚಮತ್ಕಾರಕ್ಕೆ ಬೆರಗಾದವರಲ್ಲಿ ನಾವು ಮೊದಲಿಗರಲ್ಲ. ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ಮೆಲ್ಕಿಯೋರ್ ಟ್ರೂಬ್ ಎಂಬ ಡಚ್ ವಿಜ್ಞಾನಿ ಇದ್ದರು. ಈ ಮರದ ಮೊಗ್ಗಿನ ಮೇಲೆಯೇ ಅವರು ಒಂದು ಪ್ರಬಂಧ ಬರೆದರು. ಯಾವಾಗ? 1889ರಲ್ಲಿ!

ಈಗ ಮತ್ತೆ ಮೇಲೆ ನೋಡಿ. ಇನ್ನೊಂದು ಜಾಣತನ ಕಾಣಿಸುತ್ತದೆ. ಮೊಗ್ಗುಗಳೆಲ್ಲ ಒಂದೇ ದುಂಡು ಗೊಂಚಲು. ಎಲ್ಲವೂ ಒಟ್ಟಿಗೆ ಅರಳುವುದಿಲ್ಲ! ಹೊರಸುತ್ತಿನವು ಮೊದಲು. ಅವು ಉದುರಿದ ಮೇಲೆ ಒಳಸುತ್ತು. ಆಮೇಲೆ ಅದರ ಒಳಗಿನದು. ನಡುವೆ ಕಂದು ಮೊಗ್ಗುಗಳ ಗುಂಪು, ಸುತ್ತ ಕೆಂಪು ಬಟ್ಟಲುಗಳ ಬಳೆ. ವಾರಗಟ್ಟಲೆ ದೀಪಾವಳಿ!

ಬಟ್ಟಲು ಆಕಾಶಕ್ಕೆ ಬಾಯಿ ತೆರೆದಿರುತ್ತದೆ. ಅದರಲ್ಲಿ ಮಕರಂದ. ಹಗಲು ಸೂರಕ್ಕಿ, ಮೈನಾ. ರಾತ್ರಿ ಬಾವಲಿ. ಹಬ್ಬದೂಟಕ್ಕೆ ಎರಡು ಪಂಕ್ತಿ!

ಬೆಳೆಸುವುದು ಕಷ್ಟವಾ? ಕೇಳಿ, ಕೇಳಿ! ಬೀಜ ಹಾಕಿದರೆ ಬರುತ್ತದೆ. ಕೊಂಬೆ ಊರಿದರೆ ಬರುತ್ತದೆ. ಬೇರಿನಿಂದಲೂ ಮರಿ ಏಳುತ್ತದೆ. ಬಿಸಿಲಿದ್ದರೆ ಸಾಕು, ಮಣ್ಣಿನ ಬಗ್ಗೆ ತಕರಾರಿಲ್ಲ. ಮೂರ್ನಾಲ್ಕು ವರ್ಷಕ್ಕೆ ಮೊದಲ ಹೂ! ಸುರಗಿ ನೆಟ್ಟು ಹೂವಿಗೆ ಕಾದವರನ್ನು ಕೇಳಿ, ಇದು ಎಂಥ ಅವಸರ ಅಂತ ಅವರು ಹೇಳುತ್ತಾರೆ.

ನೋಡಿದವರೆಲ್ಲ ಕೇಳುವುದು ಒಂದೇ ಮಾತು. "ಒಂದ್ ಗಿಡ ಸಿಕ್ಕತ್ತಾ ಮಾರಾಯ್ರೆ?"

ತಡೆಯಿರಿ! ಗುಂಡಿ ತೋಡುವ ಮೊದಲು ಇನ್ನೊಂದು ವಸ್ತು ನೋಡಬೇಕು.

ಕಾಯಿ.

ಒಂದು ಗೇಣು ಉದ್ದ. ಆಕಾಶಕ್ಕೆ ಗುರಿಯಿಟ್ಟ ಈಟಿಯ ಮೊನೆ. ಒಣಗಿದಾಗ ಎರಡಾಗಿ ಬಿರಿಯುತ್ತದೆ, ಒಂದೊಂದು ಹೋಳೂ ಪುಟ್ಟ ದೋಣಿ. ಮರವಂತೆಯ ಕಡಲಲ್ಲಿ ತೇಲಿ ಬಿಡಬಹುದು ಅನ್ನಿಸುತ್ತದೆ!

ಬಿರಿಯುವ ಮೊದಲೇ ಒಂದನ್ನು ಮನೆಗೆ ತನ್ನಿ. ಗೆರಸಿ ಹಾಸಿಕೊಳ್ಳಿ. ಫ್ಯಾನ್ ಆಫ್ ಮಾಡಿ! ಮರೆತಿರೋ, ಕೆಟ್ಟಿರಿ. ಈಗ ನಿಧಾನ ಬಿಡಿಸಿ. ಒಳಗೆ ಬೀಜ. ಒಂದರ ಮೇಲೊಂದು, ಪುಸ್ತಕದ ಹಾಳೆಗಳ ಹಾಗೆ. ಒಂದನ್ನು ಬೆಳಕಿಗೆ ಹಿಡಿಯಿರಿ. ನಡುವೆ ಹೃದಯದಾಕಾರದ ಕಂದು ಕಾಳು. ಸುತ್ತ ಗಾಜಿನಂಥ ರೆಕ್ಕೆ, ಈರುಳ್ಳಿ ಪೊರೆಗಿಂತ ತೆಳು. ರೆಕ್ಕೆಯ ಆಚೆಗೆ ನಿಮ್ಮ ಬೆರಳು ಕಾಣುತ್ತದೆ!

ಉಸಿರು ಬಿಟ್ಟಿರಿ. ಹಾರಿತು!

ಒಂದು ಕಾಯಿಯಲ್ಲಿ ಇಂಥವು ಎಷ್ಟಿರಬಹುದು? ಹೇಳಿ. ಐವತ್ತು? ಮೇಲೆ ಹೋಗಿ. ನೂರು? ಇನ್ನೂ ಮೇಲೆ. ಇನ್ನೂರು? ಇಲ್ಲ, ಇಲ್ಲ!

ಸುಮಾರು 500!

ಒಂದೇ ಕಾಯಿಯಲ್ಲಿ! ಮರದಲ್ಲಿ ನೂರು ಕಾಯಿ ಬಿಟ್ಟರೆ? ಲೆಕ್ಕ ಹಾಕಿ: 50,000 ಗಾಳಿಪಟ! ಈಗ ಒತ್ತಿನೆಣೆ ಗುಡ್ಡದ ಮೇಲೆ ನಿಂತದ್ದು ನೆನಪಿಸಿಕೊಳ್ಳಿ. ಕಡಲಿನಿಂದ ಏರಿ ಬರುವ ಆ ಗಾಳಿ! ಟೋಪಿ ನಿಲ್ಲುವುದಿಲ್ಲ, ಛತ್ರಿ ನಿಲ್ಲುವುದಿಲ್ಲ. ಇನ್ನು ಈ ಬೀಜ?

ಈಗ ಕೊನೆಯ ಸುಳಿವು. ಇದನ್ನು ಬೇಕಂತಲೇ ಇಷ್ಟು ಹೊತ್ತು ಮುಚ್ಚಿಟ್ಟಿದ್ದೆ.

ಜಗತ್ತಿನ ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಒಂದು ಪಟ್ಟಿಯಿದೆ. 2000ದಲ್ಲಿ ಬಂದದ್ದು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಅಂದರೆ ಐಯುಸಿಎನ್‌ನ ತಜ್ಞರು ಮಾಡಿದ್ದು. ಗಿಡ, ಪ್ರಾಣಿ, ಹುಳ, ರೋಗಾಣು ಎಲ್ಲ ಸೇರಿ ಅದರಲ್ಲಿ ಬರೇ 100 ಹೆಸರು. ಇಲಿ ಇದೆ. ಸೊಳ್ಳೆ ಇದೆ. ನಮ್ಮ ಗುಡ್ಡೆ ತುಂಬಿರುವ ಲಂಟಾನ ಇದೆ. ಕಮ್ಯುನಿಸ್ಟ್ ಗಿಡ ಇದೆ. ಸುಬಾಬುಲ್ ಇದೆ.

ನಮ್ಮ ನೀರುಕಾಯಿ ಸುಂದರಿ? ಅವಳೂ ಇದ್ದಾಳೆ!

ನಂಬಿಕೆ ಬರಲಿಲ್ಲವಾ? ಫಿಜಿಗೆ ಹೋಗಿ. ಅಲ್ಲಿನ ರೈತರಿಗೆ ಇದು ಹೊಲದ ಪೀಡೆ. ಹವಾಯಿಯ ಕಾಡಿಗೆ ನುಗ್ಗಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದನ್ನು ಮಾರುವಂತಿಲ್ಲ. ಪುಕ್ಕಟೆ ಕೊಡುವಂತೆಯೂ ಇಲ್ಲ! ಕಡಿದರೆ ಬುಡ ಚಿಗುರುತ್ತದೆ. ಉತ್ತರೆ ಬೇರಿನ ತುಂಡು ಚಿಗುರುತ್ತದೆ. ಬೆಂಕಿ ಹಾಕೋಣವೆಂದರೆ ಹಸಿ ಮರ ಸುಲಭಕ್ಕೆ ಹತ್ತಿಕೊಳ್ಳುವುದೂ ಇಲ್ಲ. ರಕ್ತಬೀಜಾಸುರನ ಕತೆ ಯಕ್ಷಗಾನದಲ್ಲಿ ನೋಡಿದ್ದೀರಲ್ಲ? ಹನಿ ಬಿದ್ದಲ್ಲೆಲ್ಲ ಹೊಸಬ!

ಇನ್ನೊಂದಿದೆ. ಜೇನು ಸಾಕುವವರು ಕಿವಿಗೊಡಿ. ಆ ಚಂದದ ಬಟ್ಟಲೊಳಗೆ ಸತ್ತ ಜೇನುಗಳು ಬಿದ್ದಿರುವುದನ್ನು ಬ್ರೆಜಿಲ್‌ನ ಸಂಶೋಧಕರು ಕಂಡರು. ಅದರಲ್ಲೂ ಮುಳ್ಳಿಲ್ಲದ ಜೇನು. ಯಾವುದು? ನಮ್ಮ ಗೋಡೆಯ ಸಂದಿಯಲ್ಲಿ ಗೂಡು ಕಟ್ಟುವ ಮುಜಂಟಿಯ ನೆಂಟರು! ಬ್ರೆಜಿಲ್‌ನ ಸಾಂತಾ ಕತರೀನಾ ರಾಜ್ಯ 2019ರಲ್ಲಿ ಈ ಮರದ ಸಸಿ ಬೆಳೆಸುವುದನ್ನೂ ನೆಡುವುದನ್ನೂ ಕಾನೂನು ಮಾಡಿ ನಿಲ್ಲಿಸಿಬಿಟ್ಟಿತು.

ಹಾಗಾದರೆ ಇದು ಬರೀ ಖಳನಾಯಕಿಯಾ? ಊಹಿಸಿ ನೋಡೋಣ. ಇಲ್ಲಿ ಕತೆ ಮತ್ತೆ ತಿರುಗುತ್ತದೆ!

ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ದ್ವೀಪ. ಕಾಫಿ ತೋಟ, ಕಬ್ಬಿನ ಗದ್ದೆಗಳನ್ನು ಜನ ಬಿಟ್ಟು ಹೋದರು. ಹಾಳುಬಿದ್ದ ನೆಲಕ್ಕೆ ಮೊದಲು ನುಗ್ಗಿದ್ದು ಯಾರು? ಇದೇ ಮರ! ಇಂದು ಆ ದ್ವೀಪದಲ್ಲಿ ತೀರಾ ಹೇರಳವಾಗಿರುವ ಮರಗಳಲ್ಲಿ ಇದೂ ಒಂದು. ಆದರೆ ಕೆಲವು ದಶಕ ಕಳೆದ ಮೇಲೆ ವಿಜ್ಞಾನಿಗಳು ಅದರ ನೆರಳಿಗೆ ಹೋಗಿ ನೋಡಿದರೆ, ಅಲ್ಲಿ ಸ್ಥಳೀಯ ಮರದ ಸಸಿಗಳು ಏಳುತ್ತಿದ್ದವು! ಕೆಟ್ಟ ನೆಲಕ್ಕೆ ಇದೇ ದಾದಿ!

ಆದರೆ ನೆನಪಿಡಿ. ಅದು ಎಲ್ಲ ಕಡಿದು ಮುಗಿಸಿದ ನೆಲದ ಕತೆ. ನಮ್ಮಲ್ಲಿ ಇನ್ನೂ ಹಾಡಿ ಉಳಿದಿದೆ. ಮನೆ ಹಿಂದೆ ಹಾಡಿ, ಅದರಾಚೆ ಗುಡ್ಡೆ, ಇನ್ನೂ ಆಚೆ 1974ರಿಂದ ಅಭಯಾರಣ್ಯವಾಗಿರುವ ಮೂಕಾಂಬಿಕೆಯ ಕಾಡು. ಇಲ್ಲಿಗೆ ದಾದಿ ಬೇಕಾಗಿಲ್ಲ!

ಬೀಜಕ್ಕೆ ಬೇಕಾದ್ದೇನು? ಮಳೆ. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಸುರಿಯುತ್ತದೆ! ಬೆತ್ತಲೆ ಮಣ್ಣು. ಹೆದ್ದಾರಿ 66ಕ್ಕಾಗಿ ಗುಡ್ಡ ಸೀಳಿದಲ್ಲೆಲ್ಲ ಕೆಂಪಗೆ ಕಾಣುತ್ತದೆ. ಬಿಸಿಲು. ಕೇಳುವುದೇ ಬೇಡ. ಸಂಕ್ರಾಂತಿ ಸಂತೆಗೆ ಬಂದ ಹಾಗೆ, ಎಲ್ಲ ಒಂದೇ ಕಡೆ ಸಿಗುತ್ತದೆ!

ಲಂಟಾನವೂ ಹೀಗೇ ಬಂದದ್ದು ಗೊತ್ತಾ? 19ನೇ ಶತಮಾನದ ಆರಂಭದಲ್ಲಿ. ಕಳೆಯಾಗಿ ಅಲ್ಲ. ತೋಟದ ಚಂದಕ್ಕೆ!

ಹಾಗಾದರೆ ಏನು ಮಾಡೋಣ? ನಿಂತಿರುವ ಮರಕ್ಕೆ ಕೊಡಲಿ ಹಾಕಬೇಕಾ? ಪೇಟೆಯ ನಡುವೆ ಒಂಟಿಯಾಗಿದ್ದರೆ ನೋಡಿ ಆನಂದಿಸಿ! ಕೈಗೆಟುಕುವ ಕಾಯಿಗಳನ್ನು ಬಿರಿಯುವ ಮೊದಲೇ ದೋಟಿಯಿಂದ ಎಳೆದುಹಾಕಿ. ಅಡಿಯಲ್ಲಿ ಕಾರು ನಿಲ್ಲಿಸಬೇಡಿ. ಮರ ಮೆದು, ಗಾಳಿಮಳೆಗೆ ಕೊಂಬೆ ಫಟ್ಟೆಂದು ಮುರಿಯುತ್ತದೆ. ಹಾಡಿಯ ಅಂಚಿಗೆ, ತೋಡಿನ ಬದಿಗೆ, ಗುಡ್ಡೆಗೆ ಮಾತ್ರ ಇದನ್ನು ಒಯ್ಯಲೇಬೇಡಿ!

ಹೊಸದಾಗಿ ನೆಡಬೇಕಾ? ಕೆಂಪು ಬೇಕಿದ್ದರೆ ಮುತ್ತುಗವಿದೆ. ಬೂರುಗವಿದೆ. ನೇರಳೆ ಬಣ್ಣಕ್ಕೆ ಹೊಳೆದಾಸವಾಳ. ಚಿನ್ನಕ್ಕೆ ಕಕ್ಕೆ. ಪರಿಮಳಕ್ಕೆ ಸುರಗಿ, ಒಣಗಿದ ಮೇಲೂ ಪೆಟ್ಟಿಗೆ ತುಂಬ ಘಮಘಮ! ಕಿತ್ತಳೆ ಗೊಂಚಲಿಗೆ ಸೀತಾ ಅಶೋಕ. ಇವೆಲ್ಲ ಈ ನಾಡಿನವೇ!

ಅಂದು ಕೊಲ್ಲೂರು ರಸ್ತೆಯ ಆ ಮರದ ಅಡಿಯಲ್ಲಿ ನಾನು ತುಂಬ ಹೊತ್ತು ಮೇಲೆಯೇ ನೋಡುತ್ತಿದ್ದೆ. ಕುತ್ತಿಗೆ ನೋವು ಬಂತು. ತಲೆ ಇಳಿಸಿದೆ. ಎದುರಿಗೆ ರಸ್ತೆಯಾಚೆಯ ಮುರಕಲ್ಲಿನ ಗೋಡೆ. ಅದರ ಬಿರುಕಿನಲ್ಲಿ ಏನೋ ಹಸಿರು. ದಾಟಿ ಹೋದೆ. ಎರಡು ಗೇಣಿನ ಸಸಿ! ಎಲೆ ನೋಡಿದೆ. ಮೇಲಿನ ಮರದ ಎಲೆ ನೋಡಿದೆ.

ಅದೇ!

ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬಂತು. ಬೇರಿನ ತುದಿ ಮಾತ್ರ ಪಟ್ಟೆಂದು ಕಡಿದು ಕಲ್ಲಿನೊಳಗೇ ಉಳಿಯಿತು.

ಬರುವ ಮಳೆಗಾಲಕ್ಕೆ ಆ ಬಿರುಕಿನಲ್ಲಿ ಏನಿರುತ್ತದೆ? ಹೇಳಿ ಕಾಂಬ!